ಆಂಟಿವೈರಸ್‌ನಿಂದಲೇ ಬ್ರೌಸರ್ ನಿಂತುಹೋಗುತ್ತಿದೆಯಾ? ಕಾರಣ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕಾರವಾರದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇರಲಿ, ಶಿರಸಿಯ ಅಡಿಕೆ ವ್ಯಾಪಾರದ ಆಫೀಸು ಇರಲಿ, ಕುಮಟಾದ ಮನೆಯಲ್ಲಿ ಮಕ್ಕಳ ಓದಿಗೆ ತಂದ ಲ್ಯಾಪ್‌ಟಾಪ್ ಇರಲಿ, ದೂರು ಹೆಚ್ಚುಕಡಿಮೆ ಒಂದೇ ಥರ. ಬ್ರೌಸರ್ ತೆರೆದರೆ ಪೇಜ್ ಬೆಳ್ಳಗೆ ನಿಂತುಬಿಡುತ್ತದೆ. ಮೌಸ್ ಓಡಾಡುತ್ತದೆ, ಕ್ಲಿಕ್ ಮಾತ್ರ ಆಗುವುದಿಲ್ಲ. ಮೇಲೆ 'ನಾಟ್ ರೆಸ್ಪಾಂಡಿಂಗ್' ಎಂದು ಬರುತ್ತದೆ. ಕೆಲವು ಸಲ ನೀಲಿ ಪರದೆ ಬಂದು ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ.

ಆಗ ಸಿಗುವ ಸಲಹೆಯೂ ಎರಡೇ. 'ವೈರಸ್ ಬಂದಿರಬೇಕು, ಇನ್ನೊಂದು ಆಂಟಿವೈರಸ್ ಹಾಕಿ' ಅಥವಾ 'ಫಾರ್ಮ್ಯಾಟ್ ಮಾಡಿಸಿಬಿಡಿ'. ಮೊದಲನೆಯದರಿಂದ ತೊಂದರೆ ಜಾಸ್ತಿಯಾಗುವುದೇ ಹೆಚ್ಚು. ಎರಡನೆಯದರಲ್ಲಿ ಮಕ್ಕಳ ಫೋಟೋ, ಟ್ಯಾಲಿ ಲೆಕ್ಕ, ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿದ ಕಡತ ಎಲ್ಲ ಹೋಗುತ್ತವೆ. ಇವೆರಡೂ ಬೇಕಾಗಿಲ್ಲ. ಆಂಟಿವೈರಸ್‌ನ ಯಾವ ಭಾಗ ಅಡ್ಡಬರುತ್ತಿದೆ ಎಂದು ಹಿಡಿದರೆ ಅದೊಂದನ್ನು ಸರಿಮಾಡಿದರೆ ಸಾಕು. ಉಳಿದ ರಕ್ಷಣೆ ಹಾಗೇ ಇರುತ್ತದೆ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೋಡಿ, ಆಮೇಲೆ ಮುಂದಿನದು. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ರಕ್ಷಣೆಗೆ ಇಟ್ಟದ್ದು ಯಾಕೆ ತೊಂದರೆ ಕೊಡುತ್ತದೆ

ಆಂಟಿವೈರಸ್ ಬೇರೆ ಸಾಫ್ಟ್‌ವೇರ್‌ಗಳ ಹಾಗೆ ಪಕ್ಕದಲ್ಲಿ ಕೂತು ಕೆಲಸ ಮಾಡುವುದಿಲ್ಲ. ಅದರ ಒಂದು ಭಾಗ ಡ್ರೈವರ್ (ವಿಂಡೋಸ್ ಜೊತೆಗೇ ಓಡುವ ಸಣ್ಣ ಪ್ರೋಗ್ರಾಂ) ಆಗಿ ವಿಂಡೋಸ್‌ನ ಒಳಗಿನ ಪದರದಲ್ಲಿ, ಅಂದರೆ ಕರ್ನಲ್‌ನಲ್ಲಿ ಇರುತ್ತದೆ. ನೀವು ಯಾವ ಫೈಲ್ ತೆರೆದರೂ ಅದು ಈ ಡ್ರೈವರ್ ಮೂಲಕವೇ ಹಾದುಹೋಗಬೇಕು. ಬ್ರೌಸರ್ ಒಂದು ಪೇಜ್ ತೋರಿಸಲಿಕ್ಕೆ ನೂರಾರು ಸಣ್ಣ ಫೈಲ್‌ಗಳನ್ನು ಬರೆಯುತ್ತದೆ, ಓದುತ್ತದೆ. ಅದಕ್ಕೇ ತಡವಾದಾಗ ಮೊದಲು ಗೊತ್ತಾಗುವುದು ಬ್ರೌಸರ್‌ನಲ್ಲಿ.

ಕಾರವಾರದಿಂದ ಗೋವಾಕ್ಕೆ ಹೋಗುವಾಗ ಮಾಜಾಳಿಯಲ್ಲಿ ಚೆಕ್‌ಪೋಸ್ಟ್ ಇದೆ, ಅಲ್ವಾ? ಅಲ್ಲೇ ಹತ್ತು ಮಾರು ದೂರದಲ್ಲಿ ಇನ್ನೊಂದು ಗೇಟು ಹಾಕಿ, 'ಅವರು ಬಿಟ್ಟ ಮೇಲೆ ನಾವು ಬಿಡುತ್ತೇವೆ' ಎಂದು ಎರಡೂ ಕಡೆಯವರು ಹಟ ಹಿಡಿದರೆ ಲಾರಿಗಳ ಸಾಲು ಎಲ್ಲಿಗೆ ಹೋಗಿ ಮುಟ್ಟಬಹುದು? ಎರಡು ಆಂಟಿವೈರಸ್ ಇರುವ ಕಂಪ್ಯೂಟರ್‌ನಲ್ಲಿ ಆಗುವುದು ಇದೇ.

ಕರ್ನಲ್ ಒಳಗೆ ತಪ್ಪಾದರೆ ಆ ಸಾಫ್ಟ್‌ವೇರ್ ಒಂದೇ ಮುಚ್ಚಿಕೊಳ್ಳುವುದಿಲ್ಲ, ಇಡೀ ವಿಂಡೋಸ್ ನಿಲ್ಲುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ಸಾಫ್ಟ್‌ವೇರ್‌ಗೆ ಕಳಿಸಿದ ಒಂದು ಸಣ್ಣ ಅಪ್‌ಡೇಟ್ ಫೈಲ್‌ನಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಡಬೇಕಾಯಿತು. ಅದಕ್ಕೂ ಮೊದಲು, 2010ರ ಏಪ್ರಿಲ್ 21ರಂದು, ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಮುಖ್ಯ ಫೈಲ್ ಒಂದನ್ನೇ ವೈರಸ್ ಎಂದು ತಿಳಿದು ತೆಗೆದುಹಾಕಿತ್ತು. ಆ ಕಂಪ್ಯೂಟರ್‌ಗಳು ಸುಮ್ನೆ ರೀಸ್ಟಾರ್ಟ್ ಆಗುತ್ತಲೇ ಇದ್ದವು. 'ದುಡ್ಡು ಕೊಟ್ಟು ತಂದ ಆಂಟಿವೈರಸ್, ಅದರಿಂದ ಹೇಗೆ ತೊಂದರೆಯಾಗುತ್ತದೆ' ಎಂದು ಕೇಳುವವರಿಗೆ ಇವೆರಡು ಉದಾಹರಣೆ ಸಾಕು.

ಮುಟ್ಟುವ ಮೊದಲು

ಬೇಕಾದ ಕಡತಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ಹಾಕಿಕೊಳ್ಳಿ. ಆಂಟಿವೈರಸ್‌ನ ಲೈಸೆನ್ಸ್ ಕೀ ಬರೆದಿಟ್ಟುಕೊಳ್ಳಿ. ಡಬ್ಬದ ಮೇಲಿರುತ್ತದೆ, ಇಲ್ಲವೇ ಖರೀದಿ ಮಾಡಿದಾಗ ಬಂದ ಇಮೇಲ್‌ನಲ್ಲಿ ಇರುತ್ತದೆ.

ಮೂರನೆಯದನ್ನು ತುಂಬ ಜನ ಮರೆಯುತ್ತಾರೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಇದು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್. ಮುಂದೆ ಸೇಫ್ ಮೋಡ್‌ಗೆ, ಅಂದರೆ ಬೇಕಾದಷ್ಟೇ ಭಾಗಗಳೊಂದಿಗೆ ವಿಂಡೋಸ್ ತೆರೆಯುವ ವಿಧಾನಕ್ಕೆ ಹೋಗುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಡೇಟಾ ಕೈಗೆ ಸಿಗುವುದಿಲ್ಲ, ಯಾವ ರಿಪೇರಿಯವರಿಂದಲೂ ತೆಗೆಯಲು ಆಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಮೊಬೈಲ್‌ನಿಂದ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ಆ ಕೀ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಇದನ್ನು ದಯವಿಟ್ಟು ಮೊದಲೇ ಮಾಡಿ.

ಬ್ಯಾಂಕು, ಸರ್ಕಾರಿ ಕಚೇರಿ, ದೊಡ್ಡ ಸೊಸೈಟಿಗಳ ಕಂಪ್ಯೂಟರ್ ಆದರೆ ಇಲ್ಲಿಗೇ ನಿಲ್ಲಿಸಿ. ಅಲ್ಲಿನ ಆಂಟಿವೈರಸ್ ಒಂದೇ ಕಡೆಯಿಂದ ಹತೋಟಿಯಲ್ಲಿರುತ್ತದೆ. ಅದನ್ನು ನೋಡಿಕೊಳ್ಳುವವರಿಗೆ ಫೋನ್ ಮಾಡುವುದೇ ಸರಿ.

ಹೆಜ್ಜೆ 1: ಇದು ನಿಜವಾಗಿ ಆಂಟಿವೈರಸ್‌ನ ಕೆಲಸವಾ?

ಬ್ರೌಸರ್ ನಿಂತ ಹೊತ್ತಿಗೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಮತ್ತು ಡಿಸ್ಕ್ ಕಾಲಂ ನೋಡಿ. ಆಂಟಿವೈರಸ್ ಹೆಸರಿನ ಸಾಲು ಮೇಲೆ ಬಂದು ಕೂತಿದ್ದರೆ ಸಂಶಯ ಗಟ್ಟಿಯಾಯಿತು. ವಿಂಡೋಸ್‌ನದೇ ಆದ ಡಿಫೆಂಡರ್ ಅಲ್ಲಿ 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಎಂಬ ಹೆಸರಿನಲ್ಲಿ ಕಾಣುತ್ತದೆ. ಅದನ್ನು ವೈರಸ್ ಎಂದುಕೊಂಡು ಮುಚ್ಚಲು ಹೋಗಬೇಡಿ.

ಆಮೇಲೆ ಇನ್ನೊಂದು ಬ್ರೌಸರ್‌ನಲ್ಲಿ ಅದೇ ಪೇಜ್ ತೆರೆದು ನೋಡಿ. ಕ್ರೋಮ್ ಮಾತ್ರ ನಿಂತು ಎಡ್ಜ್ ಚೆನ್ನಾಗಿ ಓಡಿದರೆ ಕಾರಣ ಕ್ರೋಮ್‌ನ ಎಕ್ಸ್‌ಟೆನ್ಷನ್‌ನಲ್ಲೋ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಪ್ರೊಫೈಲ್‌ನಲ್ಲೋ ಇರಬಹುದು. ಎಲ್ಲ ಬ್ರೌಸರ್‌ಗಳೂ ನಿಂತರೆ, ಜೊತೆಗೆ ಫೋಲ್ಡರ್ ತೆರೆಯಲೂ ತಡವಾದರೆ, ಆಂಟಿವೈರಸ್ ಅಥವಾ ಡಿಸ್ಕ್ ಕಡೆ ನೋಡಬೇಕು.

ಮೂರನೆಯದು ತಾರೀಖು. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಬರುತ್ತದೆ. ಅದು ದಿನದಿನದ ಪಟ್ಟಿ. ಯಾವ ದಿನ ಯಾವ ಸಾಫ್ಟ್‌ವೇರ್ ಬಂತು, ಯಾವ ದಿನದಿಂದ ಕೆಂಪು ಗುರುತು ಶುರುವಾಯಿತು ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಆಂಟಿವೈರಸ್ ಬಂದ ಅಥವಾ ಹೊಸ ವರ್ಷನ್ ಆದ ದಿನದಿಂದಲೇ ಕೆಂಪು ಸಾಲು ಶುರುವಾಗಿದ್ದರೆ ಹೆಚ್ಚು ಹುಡುಕಬೇಕಾಗಿಲ್ಲ. ವಿಂಡೋಸ್ ಒಳಗೇ ಇರುವ ಇಷ್ಟು ಒಳ್ಳೆಯ ಸಾಧನವನ್ನು ರಿಪೇರಿ ಮಾಡುವವರೂ ತೆರೆದು ನೋಡದಿರುವುದು ನನಗೆ ಬೇಸರದ ಸಂಗತಿ.

ಕರಾವಳಿಯವರು ಇನ್ನೂ ಒಂದು ನೋಡಿಕೊಳ್ಳಬೇಕು. ಕಾರವಾರ, ಅಂಕೋಲಾ, ಹೊನ್ನಾವರದಂಥ ಊರುಗಳಲ್ಲಿ ಉಪ್ಪುಗಾಳಿ ಮತ್ತು ತೇವದಿಂದ ರ‍್ಯಾಮ್‌ನ ಸಂಪರ್ಕದ ಜಾಗಕ್ಕೆ ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಯುಪಿಎಸ್ ಇಲ್ಲದ ಕಂಪ್ಯೂಟರ್‌ನ ಡಿಸ್ಕ್ ಫೈಲ್‌ಗಳು ಹಾಳಾಗುತ್ತವೆ. ಇವೂ ಹ್ಯಾಂಗ್ ಮಾಡಿಸುತ್ತವೆ, ನೀಲಿ ಪರದೆ ತರುತ್ತವೆ. ಬ್ರೌಸರ್ ತೆರೆಯದೆ ಸುಮ್ನೆ ಬಿಟ್ಟಾಗಲೂ ಕಂಪ್ಯೂಟರ್ ರೀಸ್ಟಾರ್ಟ್ ಆದರೆ, ಪ್ರತಿ ಸಲ ಬೇರೆ ಬೇರೆ ಹೆಸರಿನ ದೋಷ ಬಂದರೆ, ಮೊದಲು ರ‍್ಯಾಮ್ ಪರೀಕ್ಷಿಸುವ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಅನ್ನು ಸ್ಟಾರ್ಟ್ ಮೆನುವಿನಿಂದ ಓಡಿಸಿ ನೋಡಿ.

ಬ್ರೌಸರ್ ಇಡೀ ಪರದೆ ತುಂಬಿಕೊಂಡು, 'ನಿಮ್ಮ ಆಂಟಿವೈರಸ್ ಮುಗಿದಿದೆ, ಈ ನಂಬರ್‌ಗೆ ಫೋನ್ ಮಾಡಿ' ಎಂದು ಕಿರುಚುತ್ತಿದ್ದರೆ ಅದು ಆಂಟಿವೈರಸ್ ಅಲ್ಲವೇ ಅಲ್ಲ, ಮೋಸದ ಪೇಜು. ಎಸ್ಕೇಪ್ ಕೀ ಒತ್ತಿಹಿಡಿಯಿರಿ. ಹೋಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ, ಮತ್ತೆ ತೆರೆದಾಗ ಹಳೆಯ ಟ್ಯಾಬ್‌ಗಳನ್ನು ವಾಪಸ್ ತರಬೇಡಿ. ಆ ನಂಬರ್‌ಗೆ ಫೋನ್ ಮಾಡಬೇಡಿ. ಆಗಲೇ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೆಜ್ಜೆ 2: ಒಳಗೆ ಎಷ್ಟು ಆಂಟಿವೈರಸ್ ಇವೆ ಎಂದು ಎಣಿಸಿ

'ಒಂದೇ ಇರುವುದು' ಎನ್ನುವವರ ಕಂಪ್ಯೂಟರ್‌ನಲ್ಲೂ ಎರಡು ಸಿಗುತ್ತವೆ. ಲ್ಯಾಪ್‌ಟಾಪ್ ಕೊಳ್ಳುವಾಗಲೇ ಒಂದು ಟ್ರಯಲ್ ಬಂದಿರುತ್ತದೆ. ಅವಧಿ ಮುಗಿದಿರುತ್ತದೆ, ಆದರೆ ತೆಗೆದಿರುವುದಿಲ್ಲ. ಅದರ ಮೇಲೆ ಅಂಗಡಿಯವರು ಇನ್ನೊಂದು ಹಾಕಿಕೊಟ್ಟಿರುತ್ತಾರೆ. ಅವಧಿ ಮುಗಿದರೂ ಹಳೆಯದರ ಡ್ರೈವರ್ ಕೆಲಸ ಬಿಟ್ಟಿರುವುದಿಲ್ಲ.

ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. ಕೆಳಗೆ ಎಡಗಡೆ 'ಸೆಟ್ಟಿಂಗ್ಸ್', ಅದರೊಳಗೆ 'ಮ್ಯಾನೇಜ್ ಪ್ರೊವೈಡರ್ಸ್'. ಆಂಟಿವೈರಸ್ ಎಂಬ ತಲೆಬರಹದ ಕೆಳಗೆ ಎಷ್ಟು ಹೆಸರಿವೆ ನೋಡಿ. ಡಿಫೆಂಡರ್ ಜೊತೆಗೆ ಇನ್ನೊಂದು ಹೆಸರು ಇದ್ದರೆ ತೊಂದರೆ ಇಲ್ಲ. ಬೇರೆ ಆಂಟಿವೈರಸ್ ಬಂದಾಗ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ. ಡಿಫೆಂಡರ್ ಬಿಟ್ಟು ಎರಡು ಹೆಸರು ಇದ್ದರೆ ಅದೇ ಮೂಲ. ಆಮೇಲೆ 'ಇನ್‌ಸ್ಟಾಲ್ಡ್ ಆ್ಯಪ್ಸ್' ಪಟ್ಟಿಯನ್ನೂ ನೋಡಿ. ಸೇಫ್ ಬ್ರೌಸರ್, ಕ್ಲೀನರ್, ಡ್ರೈವರ್ ಅಪ್‌ಡೇಟರ್, ವಿಪಿಎನ್ ಎಂದು ಆಂಟಿವೈರಸ್ ಜೊತೆಗೆ ಬಂದವು ಅಲ್ಲಿರುತ್ತವೆ. ನೀವು ಬಳಸದಿದ್ದರೆ ತೆಗೆಯಿರಿ.

ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಅವಧಿ ಇರುವುದನ್ನು. ಎರಡರದ್ದೂ ಮುಗಿದಿದ್ದರೆ ಎರಡನ್ನೂ ತೆಗೆದು ಡಿಫೆಂಡರ್ ಸಾಕು ಎಂದು ನಾನು ಹೇಳುತ್ತೇನೆ. ತೆಗೆಯುವ ಸರಿಯಾದ ದಾರಿ ಹೆಜ್ಜೆ 6ರಲ್ಲಿದೆ.

ಹೆಜ್ಜೆ 3: ಬ್ರೌಸರ್ ಮತ್ತು ಆಂಟಿವೈರಸ್ ಎಲ್ಲಿ ಮುಟ್ಟುತ್ತವೆ

ಆಂಟಿವೈರಸ್ ಬ್ರೌಸರ್‌ಗೆ ಮೂರು ದಾರಿಯಿಂದ ಒಳಗೆ ಬರುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಸುಲಭದ್ದು ಎಕ್ಸ್‌ಟೆನ್ಷನ್. ಬ್ರೌಸರ್ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ತೆರೆದು ಆಂಟಿವೈರಸ್‌ನದನ್ನು ಆಫ್ ಮಾಡಿ, ಅರ್ಧ ದಿನ ಕೆಲಸ ಮಾಡಿ ನೋಡಿ. ಸರಿಹೋದರೆ ತೆಗೆದುಬಿಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳಲ್ಲಿ ಮೋಸದ ಪೇಜ್ ಬಗ್ಗೆ ಎಚ್ಚರಿಸುವ ವ್ಯವಸ್ಥೆ ಮೊದಲೇ ಇದೆ.

ಎರಡನೆಯದು ಕೋಡ್ ತೂರಿಸುವುದು. ಕೆಲವು ಆಂಟಿವೈರಸ್‌ಗಳು ಬ್ರೌಸರ್‌ನ ಒಳಗೇ ತಮ್ಮ ಫೈಲ್ ಸೇರಿಸುತ್ತವೆ. ಇದರಿಂದ ಕ್ರ್ಯಾಶ್ ಜಾಸ್ತಿಯಾಗುತ್ತದೆ ಎಂದು ಗೂಗಲ್ 2018ರಿಂದ ಕ್ರೋಮ್‌ನಲ್ಲಿ ಎಚ್ಚರಿಕೆ ಕೊಡುವುದಕ್ಕೆ, ಆಮೇಲೆ ತಡೆಯುವುದಕ್ಕೆ ಶುರುಮಾಡಿತು. ನಿಮ್ಮ ಕಂಪ್ಯೂಟರ್‌ನಲ್ಲಿ ಏನೇನು ಸೇರಿಕೊಂಡಿದೆ ನೋಡಬೇಕಾ? ಅಡ್ರೆಸ್ ಬಾರ್‌ನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಷ್, ಕಾನ್‌ಫ್ಲಿಕ್ಟ್ಸ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ಅಬೌಟ್, ಕೋಲನ್, ಥರ್ಡ್-ಪಾರ್ಟಿ. ಆಂಟಿವೈರಸ್ ಹೆಸರು ಕಂಡರೆ ಎರಡನ್ನೂ ಹೊಸ ವರ್ಷನ್‌ಗೆ ತನ್ನಿ. ಬ್ರೌಸರ್ ಹೊಸದು, ಆಂಟಿವೈರಸ್ ಮೂರು ವರ್ಷ ಹಳೆಯದು ಎಂದಾದರೆ ಜಗಳ ಖಂಡಿತ.

ಮೂರನೆಯದೇ ತುಂಬ ಕಾಡುವುದು: ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್. ಬ್ಯಾಂಕ್ ಸೈಟಿಗೆ ಹೋದಾಗ ನಿಮ್ಮ ಮತ್ತು ಬ್ಯಾಂಕಿನ ನಡುವಿನ ಮಾತು ಗುಟ್ಟಿನಲ್ಲಿರುತ್ತದೆ. ಆ ಗುಟ್ಟನ್ನೂ ಓದಿ ಪರೀಕ್ಷಿಸಬೇಕು ಎಂದು ಆಂಟಿವೈರಸ್ ಮಧ್ಯದಲ್ಲಿ ಕೂರುತ್ತದೆ. ಅದಕ್ಕಾಗಿ ತನ್ನದೇ ಒಂದು ಸರ್ಟಿಫಿಕೇಟನ್ನು ವಿಂಡೋಸ್‌ಗೆ ಸೇರಿಸುತ್ತದೆ. ಪ್ರತಿ ಪೇಜೂ ಅಲ್ಲಿ ಬಿಚ್ಚಿ, ಮತ್ತೆ ಕಟ್ಟಿ ನಿಮ್ಮ ಕೈಗೆ ಬರುತ್ತದೆ. ಹಳೆಯ ಕಂಪ್ಯೂಟರ್‌ಗೆ ಇದು ದೊಡ್ಡ ಭಾರ. ಫೈರ್‌ಫಾಕ್ಸ್ ಸರ್ಟಿಫಿಕೇಟ್‌ಗಳ ಪಟ್ಟಿಯನ್ನು ಬೇರೆಯೇ ಇಟ್ಟುಕೊಳ್ಳುವುದರಿಂದ ಅಲ್ಲಿ ಎಲ್ಲ ಸೈಟಿಗೂ 'ಸುರಕ್ಷಿತವಲ್ಲ' ಎಂಬ ದೋಷ ಬರುವುದೂ ಉಂಟು.

ಇದು ಇದೆಯೋ ಇಲ್ಲವೋ ತಿಳಿಯುವುದು ಸುಲಭ. ಕ್ರೋಮ್‌ನಲ್ಲಿ ಯಾವುದಾದರೂ ದೊಡ್ಡ ಸೈಟ್ ತೆರೆದು, ಅಡ್ರೆಸ್‌ನ ಎಡಗಡೆಯ ಚಿಹ್ನೆ ಒತ್ತಿ. 'ಕನೆಕ್ಷನ್ ಈಸ್ ಸೆಕ್ಯೂರ್', ಆಮೇಲೆ 'ಸರ್ಟಿಫಿಕೇಟ್ ಈಸ್ ವ್ಯಾಲಿಡ್'. ಅಲ್ಲಿ 'ಇಶ್ಯೂಡ್ ಬೈ' ಎಂಬಲ್ಲಿ ನಿಮ್ಮ ಆಂಟಿವೈರಸ್‌ನ ಹೆಸರು ಇದ್ದರೆ ಅದು ಮಧ್ಯದಲ್ಲಿ ಕೂತಿದೆ ಎಂದೇ ಅರ್ಥ.

ಶಿರಸಿಯ ಒಂದು ಅಡಿಕೆ ವ್ಯಾಪಾರದ ಕಂಪನಿಯಲ್ಲಿ ಜಿಎಸ್‌ಟಿ ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕುವಾಗಲೆಲ್ಲ ಬ್ರೌಸರ್ ಸುತ್ತುತ್ತಾ ನಿಲ್ಲುತ್ತಿತ್ತು. ರಿಟರ್ನ್‌ನ ಕೊನೆಯ ದಿನ, 20ನೇ ತಾರೀಖು, ಹತ್ತಿರ ಬಂದಿತ್ತು. 'ನೋಡಾ ತಮಾ, ಪ್ರತಿ ಸಲ ಇಲ್ಲೇ ಬಂದು ನಿತ್ಕತ್ತು' ಎಂದು ಲೆಕ್ಕ ಬರೆಯುವ ಹಿರಿಯರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಸಹಿ ಇರುವ ಡಾಂಗಲ್ ಬದಲಿಸಿ ನೋಡಿದ್ದರು, ಬ್ರೌಸರ್ ಬದಲಿಸಿ ನೋಡಿದ್ದರು. ಪೋರ್ಟಲ್ ಸರಿ ಇಲ್ಲ ಎಂದು ರಾತ್ರಿ ಕೂತೂ ಪ್ರಯತ್ನಿಸಿದ್ದರು. 'ಇಶ್ಯೂಡ್ ಬೈ' ತೆಗೆದು ನೋಡಿದಾಗ ಅಲ್ಲಿ ಆಂಟಿವೈರಸ್ ಹೆಸರು ಇತ್ತು.

ಒಳಗೆ ಆಗುವುದು ಹೀಗೆ. ಜಿಎಸ್‌ಟಿ ಪೋರ್ಟಲ್‌ಗೆ ಸಹಿ ಹಾಕುವ ಎಂಸೈನರ್ ನಿಮ್ಮ ಕಂಪ್ಯೂಟರ್‌ನಲ್ಲೇ 127.0.0.1 ಎಂಬ ವಿಳಾಸದಲ್ಲಿ, 1585ನೇ ಪೋರ್ಟ್‌ನಲ್ಲಿ ಕಾಯುತ್ತಿರುತ್ತದೆ. ಬ್ರೌಸರ್ ಅದರ ಜೊತೆ ಎಚ್‌ಟಿಟಿಪಿಎಸ್ ಮೂಲಕ ಮಾತಾಡುತ್ತದೆ. ಆಂಟಿವೈರಸ್ ಈ ಮನೆಯೊಳಗಿನ ಮಾತನ್ನೂ ತಡೆದು ಬಿಚ್ಚಲು ಹೋದರೆ ಎರಡೂ ಕಡೆಯವರು ಉತ್ತರಕ್ಕೆ ಕಾಯುತ್ತಲೇ ಇರುತ್ತಾರೆ. ಆಂಟಿವೈರಸ್ ಸೆಟ್ಟಿಂಗ್‌ನಲ್ಲಿ ಆ ವಿಳಾಸವನ್ನು ವೆಬ್ ಸ್ಕ್ಯಾನಿಂಗ್‌ನಿಂದ ಹೊರಗಿಟ್ಟ ಮೇಲೆ ಸಹಿ ಆಯಿತು. ಉಳಿದ ಯಾವ ರಕ್ಷಣೆಯನ್ನೂ ಮುಟ್ಟಬೇಕಾಗಲಿಲ್ಲ.

ನಿಮಗೂ ಸಹಿ ಹಾಕುವಾಗ ಮಾತ್ರ ತೊಂದರೆಯಾದರೆ ಹಾಗೇ ಮಾಡಿ. ಎಲ್ಲ ಸೈಟಿನಲ್ಲೂ ತೊಂದರೆಯಾದರೆ ಸ್ಕ್ಯಾನಿಂಗನ್ನೇ ಆಫ್ ಮಾಡಿ ನೋಡಿ. ಆಂಟಿವೈರಸ್‌ನ ಸೆಟ್ಟಿಂಗ್‌ನಲ್ಲಿ ವೆಬ್ ಶೀಲ್ಡ್, ವೆಬ್ ಪ್ರೊಟೆಕ್ಷನ್, ಬ್ರೌಸಿಂಗ್ ಪ್ರೊಟೆಕ್ಷನ್, ಎಸ್‌ಎಸ್‌ಎಲ್ ಸ್ಕ್ಯಾನಿಂಗ್ ಈ ಹೆಸರುಗಳಲ್ಲಿ ಒಂದು ಇರುತ್ತದೆ. ಎಚ್‌ಟಿಟಿಪಿಎಸ್ ಅಥವಾ ಎಸ್‌ಎಸ್‌ಎಲ್ ಎಂದು ಇರುವುದನ್ನು ಮಾತ್ರ ಆಫ್ ಮಾಡಿ. ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ. ಸರಿಹೋದರೆ ಅದನ್ನು ಆಫ್ ಇಟ್ಟೇ ಬಳಸಬಹುದು. ಡೌನ್‌ಲೋಡ್ ಆದ ಫೈಲನ್ನು ಡಿಸ್ಕ್‌ನಲ್ಲಿ ಪರೀಕ್ಷಿಸುವ ಕೆಲಸ ಹೇಗೂ ನಡೆಯುತ್ತಿರುತ್ತದೆ.

ಫೈರ್‌ಫಾಕ್ಸ್ ಬಳಸುವವರಿಗೆ ಇನ್ನೊಂದು ವಿಷಯ. ಡಿಫೆಂಡರ್ ಇದ್ದಾಗ ಫೈರ್‌ಫಾಕ್ಸ್‌ನಿಂದ ಸಿಪಿಯು ಅತಿಯಾಗಿ ಏರುವ ದೋಷ ಐದು ವರ್ಷ ಹಾಗೇ ಇತ್ತು. 2023ರ ವಸಂತದಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್‌ನ ಎಂಜಿನ್‌ನಲ್ಲಿ ಸರಿಪಡಿಸಿತು. ಅಪ್‌ಡೇಟ್ ನಿಲ್ಲಿಸಿಟ್ಟ ಕಂಪ್ಯೂಟರ್‌ಗೆ ಆ ಪರಿಹಾರ ಬಂದಿರುವುದಿಲ್ಲ. ಡೇಟಾ ಉಳಿಸಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಬಂದ್ ಮಾಡಿಟ್ಟವರು ಇದನ್ನು ಗಮನಿಸಿ.

ಹೆಜ್ಜೆ 4: ಸ್ಕ್ಯಾನ್ ಯಾವಾಗ ಓಡುತ್ತಿದೆ

ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೇ ಕಂಪ್ಯೂಟರ್ ನಿಲ್ಲುತ್ತದೆ, ಮಧ್ಯಾಹ್ನದ ಮೇಲೆ ಸರಿಯಾಗುತ್ತದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಸ್ಕ್ಯಾನ್. ವಿಂಡೋಸ್‌ನ ನಿರ್ವಹಣೆ ಕೆಲಸಕ್ಕೆ ಇಟ್ಟ ಹೊತ್ತು ರಾತ್ರಿ 2 ಗಂಟೆ. ನಮ್ಮ ಕಡೆ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಆಫ್. ಹಾಗಾಗಿ ತಪ್ಪಿಹೋದ ಕೆಲಸ ಬೆಳಗ್ಗೆ ಆನ್ ಮಾಡಿದ ಮೇಲೆ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಾಗ ಶುರುವಾಗುತ್ತದೆ. ಹಾರ್ಡ್‌ಡಿಸ್ಕ್ ಹಳೆಯ ತಿರುಗುವ ಥರದ್ದಾದರೆ ಡಿಸ್ಕ್ ಕಾಲಂ 100ಕ್ಕೆ ಮುಟ್ಟಿ, ಬ್ರೌಸರ್‌ಗೆ ಜಾಗವೇ ಸಿಗುವುದಿಲ್ಲ.

ಆಂಟಿವೈರಸ್‌ನ 'ಶೆಡ್ಯೂಲ್' ಭಾಗದಲ್ಲಿ ಸ್ಕ್ಯಾನ್ ಹೊತ್ತನ್ನು ನಿಮ್ಮ ಊಟದ ಹೊತ್ತಿಗೆ ಬದಲಿಸಿ. ವಾರಕ್ಕೆ ಒಂದು ಸಲ ಸಾಕು. ಹಳೆಯ ಡಿಸ್ಕ್ ಇದ್ದರೆ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ, ಹೊಸ ಆಂಟಿವೈರಸ್ ಬದಲು ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಅದರಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಬರುವುದಿಲ್ಲ.

ಟ್ಯಾಲಿಯಂಥ ಸಾಫ್ಟ್‌ವೇರ್ ಪ್ರತಿ ಎಂಟ್ರಿಗೂ ಡಿಸ್ಕ್‌ಗೆ ಬರೆಯುತ್ತದೆ. ಅದರ ಡೇಟಾ ಫೋಲ್ಡರನ್ನು ಮಾತ್ರ ಆಂಟಿವೈರಸ್‌ನ 'ಎಕ್ಸ್‌ಕ್ಲೂಷನ್ಸ್'ಗೆ, ಅಂದರೆ ಪರೀಕ್ಷಿಸದೆ ಬಿಡುವ ಪಟ್ಟಿಗೆ ಸೇರಿಸಿದರೆ ವೇಗ ಬರುತ್ತದೆ. ಕೀಲಿಮಣೆಯ ಮೇಲೆ ಕಣ್ಣಿಡುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳನ್ನೂ ಕೆಲವು ಆಂಟಿವೈರಸ್ ಸಂಶಯದಿಂದ ನೋಡುತ್ತವೆ. ಅಧಿಕೃತ ಜಾಗದಿಂದ ತಂದಿದ್ದಾದರೆ ಅದನ್ನೂ ಸೇರಿಸಬಹುದು. ಆದರೆ ಡೌನ್‌ಲೋಡ್ಸ್ ಫೋಲ್ಡರ್, ಡೆಸ್ಕ್‌ಟಾಪ್, ಇಡೀ ಸಿ ಡ್ರೈವ್ ಯಾವತ್ತೂ ಬೇಡ. ಜನ ಪೆನ್‌ಡ್ರೈವ್ ತಂದು ಪ್ರಿಂಟ್ ಹಾಕಿಸುವ ಅಂಗಡಿಯಲ್ಲಂತೂ ಪೆನ್‌ಡ್ರೈವ್ ಸ್ಕ್ಯಾನ್ ಬಂದ್ ಮಾಡಲೇಬಾರದು.

ಒಳನಾಡಿನಲ್ಲಿ ನೆಟ್‌ವರ್ಕ್ ಕುಂಟುವ ಕಡೆ ಇನ್ನೊಂದು ಕಾಣುತ್ತದೆ. ಹೊಸದಾಗಿ ಇಳಿಸಿದ ಫೈಲ್ ಒತ್ತಿದರೆ ಹತ್ತು ಸೆಕೆಂಡ್ ಏನೂ ಆಗುವುದಿಲ್ಲ. ಗುರುತಿಲ್ಲದ ಫೈಲನ್ನು ಡಿಫೆಂಡರ್ ಮೈಕ್ರೋಸಾಫ್ಟ್ ಸರ್ವರ್‌ಗೆ ಕೇಳುವ ತನಕ ಹಿಡಿದಿಡುತ್ತದೆ. ಸಾಮಾನ್ಯ ಮಿತಿ 10 ಸೆಕೆಂಡ್. ಇದು ದೋಷವಲ್ಲ, ಕಾಯಿರಿ.

ಹೆಜ್ಜೆ 5: ನೀಲಿ ಪರದೆ ಬರುತ್ತಿದ್ದರೆ

ಪರದೆಯ ಮೇಲಿನ ಬರಹದ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ಈಚಿನ ವಿಂಡೋಸ್ 11ರಲ್ಲಿ ಅದು ಕಪ್ಪು ಪರದೆ. 'ವಾಟ್ ಫೇಲ್ಡ್' ಎಂಬಲ್ಲಿ ಫೈಲ್ ಹೆಸರು ಇದ್ದರೆ ಅದೇ ದೊಡ್ಡ ಸುಳಿವು. ಹೆಸರು ಬರದಿದ್ದರೆ ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗೆ ಮಿನಿಡಂಪ್ ನೋಡಿ. ಪ್ರತಿ ಕ್ರ್ಯಾಶ್‌ಗೂ ಒಂದು ಸಣ್ಣ ಫೈಲ್ ಅಲ್ಲಿರುತ್ತದೆ. ನಿರ್‌ಸಾಫ್ಟ್‌ನವರ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಓದಿ ಡ್ರೈವರ್ ಹೆಸರು ತೋರಿಸುತ್ತದೆ.

ಹೆಸರು ನೋಡಿ ಯಾರದ್ದೆಂದು ಹೇಳಬಹುದು. ಎ-ಎಸ್-ಡಬ್ಲ್ಯು ಅಕ್ಷರಗಳಿಂದ ಶುರುವಾದರೆ ಅವಾಸ್ಟ್, ಎಂ-ಎಫ್-ಇ ಆದರೆ ಮೆಕಾಫಿ, ಕೆ-ಎಲ್-ಐ-ಎಫ್ ಆದರೆ ಕ್ಯಾಸ್ಪರ್ಸ್ಕಿ, ಡಬ್ಲ್ಯು-ಡಿ-ಫಿಲ್ಟರ್ ಆದರೆ ಡಿಫೆಂಡರ್. ಗೊತ್ತಾಗದಿದ್ದರೆ ಆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್ ತೆರೆದರೆ ಕಂಪನಿ ಹೆಸರು ಇರುತ್ತದೆ. ಒಂದೇ ಸಲ ಒಂದು ಹೆಸರು ಬಂತೆಂದು ತೀರ್ಮಾನ ಬೇಡ. ಬೇರೆ ಡ್ರೈವರ್ ಮಾಡಿದ ತಪ್ಪು ಇದರ ತಲೆಗೆ ಬರುವುದೂ ಇದೆ. ಅದೇ ಹೆಸರು ಮತ್ತೆ ಮತ್ತೆ ಬಂದರೆ ಮಾತ್ರ ಹಿಡಿಯಿರಿ.

ವಿಂಡೋಸ್ ತೆರೆಯುವಷ್ಟರಲ್ಲೇ ಬಿದ್ದರೆ ಸೇಫ್ ಮೋಡ್ ಬೇಕು. ಲಾಗಿನ್ ಪರದೆ ತನಕ ಬರುತ್ತದೆ ಎಂದಾದರೆ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಅಷ್ಟೂ ಬರದಿದ್ದರೆ, ಲೋಗೋ ಕಂಡಕೂಡಲೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ. ನೆಟ್ ಬೇಕಿದ್ದರೆ 5. ಪಿನ್ ಬದಲು ಅಕೌಂಟ್ ಪಾಸ್‌ವರ್ಡ್ ಕೇಳಬಹುದು. ಮೊದಲು ಬರೆದಿಟ್ಟ 48 ಅಂಕಿ ಬೇಕಾಗುವುದೂ ಇಲ್ಲೇ.

ಸೇಫ್ ಮೋಡ್‌ನಲ್ಲಿ ಹೊರಗಿನ ಆಂಟಿವೈರಸ್‌ಗಳ ಡ್ರೈವರ್ ಸಾಮಾನ್ಯವಾಗಿ ಓಡುವುದಿಲ್ಲ. ಅಲ್ಲಿ ಗಂಟೆಗಟ್ಟಲೆ ಸರಿ ಇದ್ದು, ಮಾಮೂಲಿಯಾಗಿ ತೆರೆದಾಗ ಬಿದ್ದರೆ ರ‍್ಯಾಮ್ ಮೇಲಿನ ಸಂಶಯ ಕಡಿಮೆ, ಡ್ರೈವರ್ ಮೇಲಿನದು ಹೆಚ್ಚು.

ಹೆಜ್ಜೆ 6: ಪೂರ್ತಿ ತೆಗೆಯುವ ಸರಿಯಾದ ದಾರಿ

ಕೆಳಗಿನ ಮೂಲೆಯ ಚಿಹ್ನೆಯಿಂದ ಆಂಟಿವೈರಸ್ ಆಫ್ ಮಾಡಿ, 'ಆದರೂ ಸರಿಹೋಗಲಿಲ್ಲ, ಹಾಗಾದರೆ ಇದು ಕಾರಣ ಅಲ್ಲ' ಎಂದು ತುಂಬ ಜನ ಕೈಬಿಡುತ್ತಾರೆ. ಈ ಲೆಕ್ಕ ತಪ್ಪು. ಆಫ್ ಮಾಡಿದಾಗ ಪರೀಕ್ಷೆ ನಿಲ್ಲುತ್ತದೆ, ಡ್ರೈವರ್ ಅಲ್ಲೇ ಇರುತ್ತದೆ. ಪೂರ್ತಿ ತೆಗೆದು ನೋಡುವುದೊಂದೇ ಖಚಿತ ಪರೀಕ್ಷೆ.

1. ಸೆಟ್ಟಿಂಗ್ಸ್, ಆ್ಯಪ್ಸ್ ಮೂಲಕ ಅನ್‌ಇನ್‌ಸ್ಟಾಲ್ ಮಾಡಿ. ಫೋಲ್ಡರ್ ಡಿಲೀಟ್ ಮಾಡಬೇಡಿ.
2. ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಇರುವ ಕಂಪ್ಯೂಟರ್ ಶಟ್‌ಡೌನ್ ಆದಾಗ ಒಳಗಿನ ಡ್ರೈವರ್‌ಗಳನ್ನು ಹಾಗೇ ಉಳಿಸಿಕೊಳ್ಳುತ್ತದೆ.
3. ಅದೇ ಕಂಪನಿಯ ಅಧಿಕೃತ ಸೈಟಿನಿಂದ ಅವರ ರಿಮೂವಲ್ ಟೂಲ್ ಇಳಿಸಿ ಓಡಿಸಿ. ಹೆಚ್ಚಿನ ಎಲ್ಲ ಕಂಪನಿಗಳೂ ಇದನ್ನು ಉಚಿತವಾಗಿ ಕೊಡುತ್ತವೆ. ಹಳೆಯ ಟ್ರಯಲ್‌ನ ಉಳಿಕೆ ಹೋಗುವುದು ಇದರಿಂದಲೇ. ಕೆಲವು ಟೂಲ್‌ಗಳು ಸೇಫ್ ಮೋಡ್ ಕೇಳುತ್ತವೆ.
4. ಮತ್ತೆ ರೀಸ್ಟಾರ್ಟ್. ವಿಂಡೋಸ್ ಸೆಕ್ಯುರಿಟಿ ತೆರೆದು 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಹಸಿರು ಇದೆಯಾ ನೋಡಿ. ಡಿಫೆಂಡರ್ ತಾನಾಗಿಯೇ ಎದ್ದಿರಬೇಕು. ಎದ್ದಿಲ್ಲವಾದರೆ ಉಳಿಕೆ ಇನ್ನೂ ಇದೆ.

ಸೇಫ್ ಮೋಡ್‌ನಲ್ಲಿ ಮಾಮೂಲಿ ಅನ್‌ಇನ್‌ಸ್ಟಾಲ್ ಎಷ್ಟೋ ಸಲ ಓಡುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಸೇವೆ ಅಲ್ಲಿ ಆರಂಭವಾಗದಿರುವುದೇ ಕಾರಣ. ಆಗ ನೇರವಾಗಿ ಮೂರನೆಯದಕ್ಕೆ ಹೋಗಿ.

ಈಗ ಕೆಲವು ದಿನ ಡಿಫೆಂಡರ್ ಒಂದರಲ್ಲೇ ಕೆಲಸ ಮಾಡಿ. ತೊಂದರೆ ನಿಂತರೆ ಕಾರಣ ಸಿಕ್ಕಿತು. ಲೈಸೆನ್ಸ್ ಉಳಿದಿದ್ದರೆ ಹೊಸ ವರ್ಷನ್ ಇಳಿಸಿ ಹಾಕಿ ನೋಡಬಹುದು. ಹಳೆಯ ಸಿಡಿಯಿಂದ ಹಾಕಬೇಡಿ, ಹಳೆಯ ಡ್ರೈವರ್ ವಾಪಸ್ ಬರುತ್ತದೆ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಅಂತೂ ಬೇಡವೇ ಬೇಡ. ರಕ್ಷಣೆಯನ್ನೇ ಕಳ್ಳರ ಕೈಯಿಂದ ತಂದಂತಾಗುತ್ತದೆ, ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವುದು ಅದೇ ಕಂಪ್ಯೂಟರ್‌ನಲ್ಲಿ ಅಲ್ವಾ?

ವಿಂಡೋಸ್ 10 ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸ್‌ನ ತೂತುಗಳನ್ನು ಮುಚ್ಚುವ ಅಪ್‌ಡೇಟ್‌ಗಳ ಜಾಗವನ್ನು ಅದು ತುಂಬುವುದಿಲ್ಲ. ವಿಂಡೋಸ್ 7 ಆದರೆ ಕ್ರೋಮ್‌ನ 109ನೇ ವರ್ಷನ್ನೇ ಕೊನೆ. ಅಲ್ಲಿ ಬ್ರೌಸರ್ ನಿಲ್ಲುವುದಕ್ಕೆ ಆಂಟಿವೈರಸ್ ಒಂದನ್ನೇ ದೂರಿ ಪ್ರಯೋಜನವಿಲ್ಲ.

ಇಷ್ಟಾದರೂ ನಿಲ್ಲದಿದ್ದರೆ

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷ್‌ನಲ್ಲಿ ಎಸ್-ಎಫ್-ಸಿ, ಒಂದು ಜಾಗ ಬಿಟ್ಟು ಸ್ಲ್ಯಾಷ್, ಅದಕ್ಕೆ ಅಂಟಿ ಸ್ಕ್ಯಾನ್‌ನೌ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕರೆಂಟ್ ಹೋಗಿ ಹಾಳಾದ ವಿಂಡೋಸ್ ಫೈಲ್‌ಗಳನ್ನು ಇದು ಸರಿಮಾಡುತ್ತದೆ. ಬ್ರೌಸರ್‌ನ ಸಿಸ್ಟಂ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಷನ್ ಆಫ್ ಮಾಡಿ ನೋಡಿ. ಅದರಿಂದ ಸರಿಹೋದರೆ ಡಿಸ್‌ಪ್ಲೇ ಡ್ರೈವರ್ ಬದಲಿಸಬೇಕು.

ಅದೂ ಆಗದಿದ್ದರೆ ರಿಪೇರಿಗೆ ಕೊಡಿ. ಕೊಡುವಾಗ ಮಿನಿಡಂಪ್ ಫೋಲ್ಡರ್, ನೀಲಿ ಪರದೆಯ ಫೋಟೋ, ಯಾವ ದಿನದಿಂದ ಶುರು, ನೀವು ಈಗಾಗಲೇ ಏನೇನು ಮಾಡಿ ನೋಡಿದ್ದೀರಿ ಎಂಬ ಚೀಟಿ ಜೊತೆಗಿಡಿ. ರ‍್ಯಾಮ್ ತೆಗೆದು ಒರೆಸಿ ಹಾಕಿ ನೋಡಲು ಹೇಳಿ. ಡಿಸ್ಕ್‌ನ ಆರೋಗ್ಯ ಪರೀಕ್ಷಿಸಲು ಹೇಳಿ. ಫಾರ್ಮ್ಯಾಟ್ ಮಾಡಲೇಬೇಕು ಎಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಟ್ಯಾಲಿ ಡೇಟಾ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಇವು ನಾಲ್ಕೂ ನಿಮ್ಮ ಕೈಯಲ್ಲಿವೆ ಎಂದು ನೀವೇ ತೆರೆದು ನೋಡಿಕೊಂಡ ಮೇಲೆಯೇ ಹೂಂ ಅನ್ನಿ.